ಮೂರನೇ ಬೆಂಚಿನ ಕುಮಾರಿಯವರಿಗೆ

ಮಾರ್ಚ್ ೧೧
ಸೋಮವಾರ, ಸಂಜೆ

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಅಲಂಕಾರವಿಲ್ಲದೆ ಕೆಳಗೆ ಕುಳಿತಿರುವ ನಗಣ್ಯರೇ, ಹಾಗೂ ನನಗೆ ಯಾವ ರೀತಿಯಿಂದಲೂ ಸಂಬಂಧಪಡದ, ಮೂರನೇ ಬೆಂಚಿನ, ಕಿಟಕಿ ಪಕ್ಕದ ಕುಮಾರಿಯವರೇ,

ವಿಭಾಗದ ಗೇಟಿನೊಳಗೆ ನಾನು ನಿನ್ನನ್ನು ಮಗಳೇ ಎನ್ನಬಾರದು, ನೀನು ನನ್ನನ್ನು ಅಮ್ಮ ಎನ್ನುವುದಿಲ್ಲ. ಇದು ನಮ್ಮ ಕರಾರು. ಕಾಗದಕ್ಕೆ ಗೇಟಿಲ್ಲವಲ್ಲ. ಆದ್ದರಿಂದ, ಮಗಳೇ, ಹೇಗಿದ್ದೀಯ? ತಲೆನೋವು ಇಳಿಯಿತೇ? ಹಾಸ್ಟೆಲಿನ ಊಟ ಬಾಯಿಗೆ ಸೇರುತ್ತಿದೆಯೇ? ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭಾನುವಾರ ಬರುತ್ತೀಯೆಂದು ಕಾದೆ, ಬರಲಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಓದಿನ ಒತ್ತಡವಿರಬೇಕು ಎಂದು ನಿಮ್ಮಪ್ಪ. ಅದೇ ತರಗತಿಯಲ್ಲಿ ಅದೇ ಪಾಠ ಓದುತ್ತಿರುವ ನನಗಿಲ್ಲದ ಒತ್ತಡ ಇವಳಿಗೆಲ್ಲಿಂದ ಬಂತು ಎಂದು ನಾನು.

ಮನೆಯ ಸುದ್ದಿ ಹೇಳುತ್ತೇನೆ. ನಿಮ್ಮಪ್ಪನ ದವಡೆ ಹಲ್ಲೊಂದನ್ನು ಕಿತ್ತರು. ಇನ್ನು ಮಾತು ಕಡಿಮೆಯಾದೀತು ಎಂದು ಆಸೆಪಟ್ಟೆ. ಆ ಸಂದಿಯಿಂದ ಇನ್ನಷ್ಟು ಬರುತ್ತಿದೆ. ನಾನು ಈಗಲೂ ಕನ್ನಕಡವನ್ನು ತಲೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುತ್ತೇನೆ. ಬೇರೆ ಯಾರಾದರೂ ಈ ಕಾಗದ ಓದಿದರೆ ಕೆಂಪು ಪೆನ್ನು ಹಿಡಿದು ‘ಕನ್ನಡಕ’ ಎಂದು ತಿದ್ದಿಯಾರು. ಮೂರು ವರ್ಷದ ನಿನ್ನ ಬಾಯಲ್ಲಿ ಅದು ಹಾಗೆ ಉರುಳಿ ಬಿತ್ತು. ಊರ ಮಕ್ಕಳ ಕಾಗುಣಿತವನ್ನೆಲ್ಲ ತಿದ್ದುವ ನಾನು ಅದೊಂದನ್ನು ಮಾತ್ರ ತಿದ್ದದೆ ಉಳಿಸಿಕೊಂಡೆ. ನಮ್ಮ ಮೂವರ ಮನೆಯಾಚೆ ಆ ಪದ ಯಾರ ಬಾಯಲ್ಲೂ ಇಲ್ಲ.

ನಾನೇನೂ ಓದಿನ ಹುಚ್ಚು ಹಿಡಿದು ನಿನ್ನ ಬೆನ್ನಟ್ಟಿ ಬಂದವಳಲ್ಲ. ನಾನು ಕಲಿಸುವ ಶಾಲೆಯಲ್ಲಿ ಹಲಗೆ ಹೋಗಿ ಮುಟ್ಟಿದರೆ ಓಡುವ ಪರದೆ ಬಂತು, ಪರದೆಯ ಬೆನ್ನಿಗೇ ಸುತ್ತೋಲೆ ಬಂತು: ಮೇಲಿನ ಪದವಿ ಇಲ್ಲದವರಿಗೆ ಪರದೆಯಿಲ್ಲ, ಪರದೆಯಿಲ್ಲದವರಿಗೆ ಪಾಠವಿಲ್ಲ. ನಲವತ್ತೈದಕ್ಕೆ ನಾನು ಸ್ನಾತಕೋತ್ತರ ತರಗತಿಯ ಮೆಟ್ಟಿಲು ಹತ್ತಿದೆ. ಅದೇ ವರ್ಷ ನೀನೂ ಹತ್ತಿದೆ. ಮೊದಲ ದಿನ ಆ ಮೆಟ್ಟಿಲ ಮೇಲೇ ನೀನು ನನ್ನ ತೋಳು ಹಿಡಿದು ಹೇಳಿದ್ದು: “ನೀನು ಮುಂದೆ ಕೂತ್ಕೋ, ನಾನು ಹಿಂದೆ ಕೂತ್ಕೋತೀನಿ. ಯಾರಾದ್ರೂ ಕೇಳಿದ್ರೆ ಪರಿಚಯ ಇಲ್ಲ ಅಂದ್ಬಿಡು. ಎಲ್ಲರ ಮುಂದೆ ಬಂದು ನನ್ನ ತಲೆಗೂದ್ಲು ಸರಿ ಮಾಡ್ಬೇಡ ಮತ್ತೆ.” ತಮಾಷೆಯೆಂದೇ ಒಪ್ಪಿದೆ. ಪಕ್ಕದ ಬೆಂಚಿನ ಹುಡುಗಿ ಒಮ್ಮೆ, ಆ ಕಿಟಕಿ ಹತ್ರ ಕೂರ್ತಾಳಲ್ಲ, ಅವಳ ಮೂಗು ನಿಮ್ಮ ಹಾಗೇ ಇದೆ ಮೇಡಂ ಎಂದಾಗಲೂ, ಮೂಗು ಎಲ್ಲರಿಗೂ ಮುಖದ ಮಧ್ಯದಲ್ಲೇ ಇರುತ್ತದಮ್ಮ ಎಂದು ತೇಲಿಸಿದೆ.

ಹೋದ ವಾರದ ನನ್ನ ಮಾದರಿ ಪಾಠದ ವಿಚಾರ. ನೀನು ಅಲ್ಲೇ ಇದ್ದೆ. ಆದರೆ ಮೂರನೇ ಬೆಂಚಿನಿಂದ ಕಾಣುವುದೇ ಬೇರೆ, ಪರದೆಯ ಪಕ್ಕದಿಂದ ಕಾಣುವುದೇ ಬೇರೆ. ‘ಕೊಂಬು ಕೊಟ್ಟರೆ ಕುರಿ, ಕೊಂಬು ಕಿತ್ತರೆ ಕರಿ’ ಎಂಬ ನನ್ನ ಹಳೆಯ ಪ್ರಾಸವನ್ನೇ ಪರದೆಯ ಆಟವಾಗಿಸಿದ್ದೆ. ಮಗು ‘ಕರಿ’ಯ ತಲೆಗೆ ಬೆರಳಿನಿಂದ ಕೊಂಬನ್ನು ಎಳೆದು ತಂದರೆ ಆನೆ ಮಾಯವಾಗಿ ಕುರಿ ನಿಲ್ಲಬೇಕು, ‘ಮ್ಯಾ’ ಎನ್ನಬೇಕು. ರಜೆಯೆಲ್ಲ ಕೂತು ಕಲಿತು ಮಾಡಿದ್ದು. ಎಲ್ಲರೆದುರು ಎಲ್ಲಿ ಬೆರಳು ತಪ್ಪಿತೋ, ಆನೆ ಹೋಗಲಿಲ್ಲ, ಕುರಿ ಬರಲಿಲ್ಲ, ಆನೆಯೇ ‘ಮ್ಯಾ’ ಎಂದಿತು. ನಕ್ಕರು. ನಾನೂ ನಕ್ಕೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಆಮೇಲೆ ನಮ್ಮ ಗೋಡೆ ಮೇಷ್ಟ್ರ ಗೋಡೆ. ಅವರಿಗೆ ಆ ಹೆಸರಿಟ್ಟವಳು ನಾನೇ, ಇಡೀ ತರಗತಿ ಬಳಸುತ್ತಿದೆ. ಅವರ ಪ್ರಕಾರ ಗೋಡೆ ಎಂಬ ಈ ಸಾಧನದ ಸೊಗಸೇ ಅದು: ಪಾಠ ನೋಡಿದವರು ಫೋನಿನಲ್ಲಿ ಅನಿಸಿಕೆ ಬರೆದರೆ ಪರದೆಯ ಮೇಲೆ ಚೀಟಿಯ ಹಾಗೆ ಬಂದು ಅಂಟುತ್ತದೆ, ಬರೆದವರ ಹೆಸರು ಮೇಷ್ಟ್ರಿಗೂ ಕಾಣುವುದಿಲ್ಲ. ಹೆಸರಿಲ್ಲದ ಕಡೆ ಸತ್ಯವಿರುತ್ತದೆ ಎನ್ನುತ್ತಾರೆ. ಪಾಠ ಮಾಡಿದವರೇ ಅವನ್ನೆಲ್ಲ ಗಟ್ಟಿಯಾಗಿ ಓದಬೇಕೆಂಬುದು ಅವರ ನಿಯಮ. ಚೆನ್ನಾಗಿತ್ತು, ಪರವಾಗಿಲ್ಲ, ಬೆರಳು ಅಭ್ಯಾಸವಾಗಲಿ ಎಂಬವನ್ನೆಲ್ಲ ಓದಿದೆ. ಅಷ್ಟರಲ್ಲಿ ಒಂದು ಚೀಟಿ ಬಂದು ಅಂಟಿತು. ಪದ್ಯ ಕಂಡರೆ ನನಗೆ ಗೊತ್ತಲ್ಲ, ಅರ್ಥಕ್ಕೆ ಮೊದಲೇ ತಾಳ ಸಿಗುತ್ತದೆ. ತಾಳ ಹಾಕಿಕೊಂಡೇ ಓದಿಬಿಟ್ಟೆ:

ತಲೆಯ ಮೇಲೆ ಕನ್ನಕಡ,
ಕಲಿಯೋಕ್ ಬಂದದ್ ತೀರಾ ತಡ,
ಪರದೆ ಮುಟ್ಟಿದ್ರೆ ಗಡಗಡ,
ಮನೆಗ್ ಹೋಗಮ್ಮಾ, ನಮಗ್ ಬೇಡ.

ಓದಿ ಮುಗಿಸುವ ಹೊತ್ತಿಗೆ ಚೀಟಿಯ ಕೆಳಗೆ ಕೆಂಪು ಹೃದಯಗಳು ಮೊಳೆಯುತ್ತಿದ್ದವು. ಬೆಂಚು ಗುದ್ದಿ ನಕ್ಕವರಿದ್ದರು. ಕಡೆಗೆ ಎಲ್ಲರೂ ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ನಿಲ್ಲಿಸಿದರು. ನಗುವಿಗಿಂತ ನಿಲ್ಲಿಸಿದ್ದೇ ಹೆಚ್ಚು ಕಷ್ಟವಾಯಿತು. ನೀನು ಫೋನಿನ ಮೇಲೆ ಬಗ್ಗಿದ್ದೆ. ಬೈತಲೆ ಮಾತ್ರ ಕಾಣುತ್ತಿತ್ತು, ಸೊಟ್ಟಗಿತ್ತು. ಗೋಡೆ ಮೇಷ್ಟ್ರು, ಪ್ರಾಸಕ್ಕಾಗಿ ಕನ್ನಡಕವನ್ನು ತಿರುಚಿದ್ದಾರೆ, ಉಳಿದಂತೆ ಛಂದಸ್ಸಿಗೆ ದೋಷವಿಲ್ಲ ಎಂದು ತೀರ್ಪು ಕೊಟ್ಟು, ನನಗೆ ಪಾಠವನ್ನು ಮತ್ತೊಮ್ಮೆ ಮಾಡಿರೆಂದರು. ಹೊರಗೆ ಬಂದಾಗ ಪಕ್ಕದ ಬೆಂಚಿನ ಹುಡುಗಿ ಸಮಾಧಾನ ಹೇಳುತ್ತ ಕೇಳಿದಳು: “ಅಲ್ಲ ಮೇಡಂ, ಆ ತಪ್ಪು ಪದ ನೋಡಿ ನಮಗೆಲ್ಲ ನಾಲಿಗೆ ತೊಡರ್ತು. ನೀವು ಒಂದ್ಚೂರೂ ತಡವರಿಸದೆ ಹೇಗೆ ಓದಿದ್ರಿ?”

ಅಭ್ಯಾಸಬಲ ಎಂದೆ.

ನಿಮ್ಮಪ್ಪನಿಗೆ ಹೇಳಿದರೆ, “ಆ ಸಣ್ಣ ಕೀಲಿಗಳಲ್ಲಿ ಅಕ್ಷರ ಹಿಂದುಮುಂದಾಗುತ್ತೆ ಕಣೇ, ಅದಕ್ಯಾಕೆ ಊಟ ಬಿಡ್ತೀಯ” ಎಂದರು. ಆಗುತ್ತದೆ. ಆದರೆ ‘ತಡ’ಕ್ಕೆ ಕನ್ನಡಕ ಒಗ್ಗುವುದಿಲ್ಲ, ಕನ್ನಕಡವೇ ಆಗಬೇಕು. ಹೋಗಲಿ ಬಿಡು. ಯಾರು ಬರೆದರೋ, ಕೈ ಪಳಗಿದೆ. ಸಣ್ಣವರಿದ್ದಾಗ ಯಾರೋ ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನು ತಟ್ಟಿ ತಾಳ ಹೇಳಿಕೊಟ್ಟಿರಬೇಕು. ಅಂಥ ಕಲಿಕೆ ಯಾವ ಸಾಧನದಿಂದಲೂ ಬರುವುದಿಲ್ಲ. ನನ್ನ ಪ್ರಬಂಧದಲ್ಲಿ ಈ ಮಾತನ್ನು ಸೇರಿಸಬೇಕೆಂದಿದ್ದೇನೆ.

ಗೋಡೆ ಮೇಷ್ಟ್ರು ತಮ್ಮ ಸಂಶೋಧನೆಗೆ ನಿನ್ನನ್ನೇ ಸಹಾಯಕಿಯಾಗಿ ಆರಿಸಿದ ಸುದ್ದಿಯೂ ಬಂತು. ನೀನು ಹೇಳಲಿಲ್ಲ, ಸೂಚನಾ ಫಲಕ ಹೇಳಿತು. ವರ್ಷದಿಂದ ಹಗಲುರಾತ್ರಿ ಅದಕ್ಕೇ ಹೆಣಗಿದ್ದೀಯೆಂದು ಬಲ್ಲೆ. ಸಂತೋಷವಾಯಿತು. ಆ ಫಲಕದ ಮುಂದೆ ನಿಂತು, ಪರಿಚಯವಿಲ್ಲದವಳ ಹಾಗೆ, ನಿನ್ನ ಹೆಸರನ್ನು ಎರಡು ಸಲ ಓದಿಕೊಂಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಚ್ಚಿಕೋ, ಬೈತಲೆ ನೆಟ್ಟಗೆ ತೆಗಿ. ನೂರು ಕಾಲ ಬಾಳು, ನಿನಗೆ ನಿನ್ನಂಥದೇ ಜಾಣ ಮಗಳು ಹುಟ್ಟಲಿ.

ಇಂತಿ,
ನಿನ್ನ ಸಹಪಾಠಿ

ಮರೆತಿದ್ದೆ. ಇವತ್ತು ಬೆಳಿಗ್ಗೆ ನೀನು ತರಗತಿಗೆ ಬರಲಿಲ್ಲ. ಗೋಡೆ ಮೇಷ್ಟ್ರು ಬಾಗಿಲು ಹಾಕಿಸಿದರು. ಆ ಪದ್ಯದ ಸುದ್ದಿ ಮೇಲಿನವರೆಗೂ ಹೋಗಿ ಅವರಿಗೆ ಛೀಮಾರಿಯಾಗಿದೆ. ಬರೆದವರು ಎದ್ದು ನಿಲ್ಲದಿದ್ದರೆ ಇಡೀ ತರಗತಿಯ ಪ್ರಾಯೋಗಿಕ ಅಂಕ ಕತ್ತರಿಸುತ್ತೇನೆ ಎಂದರು. ಯಾರೂ ಏಳಲಿಲ್ಲ. ನಾನು ಎದ್ದೆ. ಹೋಗಲಿ ಬಿಡಿ ಸರ್, ಕ್ಷಮಿಸಿದ್ದೇನೆ ಎನ್ನುತ್ತೇನೆಂದು ಎಲ್ಲರೂ ತಿರುಗಿ ನೋಡಿದರು. ನಾನೂ ಹಾಗೆಂದುಕೊಂಡೇ ಎದ್ದದ್ದು.

“ಆ ಪದ ನಮ್ಮನೇದು ಸರ್,” ಎಂದೆ.

“ನಿಮ್ಮನೇಲಿ ಯಾರದು?”

“ನನ್ನ ಮಗಳದು. ಮೂರನೇ ಬೆಂಚು, ಕಿಟಕಿ ಪಕ್ಕ.”

ಮಧ್ಯಾಹ್ನದ ಹೊತ್ತಿಗೆ ಫಲಕದಲ್ಲಿ ನಿನ್ನ ಹೆಸರಿರಲಿಲ್ಲ. ಆ ಕಟ್ಟಡದೊಳಗೆ ನೀನು ನನ್ನನ್ನು ಅಮ್ಮ ಎಂದದ್ದು ಆ ಪದ್ಯದ ನಾಲ್ಕನೇ ಸಾಲಿನಲ್ಲಿ ಮಾತ್ರ. ನಾಳೆಯಿಂದ ದಿನಾ ಅನ್ನಬಹುದು, ಎಲ್ಲರಿಗೂ ಗೊತ್ತಾಗಿದೆ. ನಾನೇ ಬರೆದದ್ದು ಸರ್ ಎಂಬ ಒಂದು ಸುಳ್ಳು ನಿನ್ನನ್ನು ಉಳಿಸುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು, ನುಂಗಿದೆ. ನಿನ್ನನ್ನು ತೋರಿಸಿಕೊಟ್ಟು ಕೂತಾಗ ನನಗೆ ಹಿತವಾಯಿತು, ಮಗಳೇ.