ಮಧ್ಯದಿಂದ ಹೊಲಿದ ಕಾಲರ್

ರಾಜಘಟ್ಟ
ಭಾನುವಾರ, 14 ಸೆಪ್ಟೆಂಬರ್ 2025

ಬಾಂಗ್ಲಾದೇಶದ ಗಾಜೀಪುರದಲ್ಲಿ ಕೂತುಕೊಂಡು ಹೆಂಡತಿಗೆ ಸುಳ್ಳು ಹೇಳುತ್ತಿರುವ ನನ್ನ ಪ್ರೀತಿಯ ಸೂಪರ್‌ವೈಸರ್ ಸಾಹೇಬರಿಗೆ,

ಇಲ್ಲಿ ನಾನು, ಮಾನಸ, ನಿಮ್ಮ ಅಮ್ಮ, ಅಮ್ಮನ ಎರಡು ಹಸು ಎಲ್ಲರೂ ಕ್ಷೇಮ. ನೀವು ಕ್ಷೇಮವೇ ಅಂತ ಕೇಳುವುದಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತು.

ದಿನವೂ ಫೋನಿನಲ್ಲಿ ಮುಖ ನೋಡುವವಳು ಇದೇನು ಕಾಗದ ಬರೆಯುತ್ತಿದ್ದಾಳೆ ಅಂತ ಗಾಬರಿಯಾಗಬೇಡಿ. ನಾನು ವಿಷಯ ಎತ್ತುವ ಹೊತ್ತಿಗೆ ಸರಿಯಾಗಿ ನಿಮ್ಮ ನೆಟ್‌ವರ್ಕ್ ಹೋಗುತ್ತದೆ. 'ಎಲ್ಲಾ ಚೆನ್ನಾಗೈತೆ ಕಣೇ, ಲೈನ್ ಫುಲ್ಲು, ಓವರ್‌ಟೈಮ್ ಮೇಲೆ ಓವರ್‌ಟೈಮು' ಅನ್ನುತ್ತೀರಿ, ಕಟ್. ಕಾಗದವನ್ನು ಹಾಗೆ ಅರ್ಧಕ್ಕೆ ಕಟ್ ಮಾಡುವುದಕ್ಕಾಗುವುದಿಲ್ಲ. ಅದೂ ಅಲ್ಲದೆ ನಾನು ಹೇಳಬೇಕಾಗಿರುವುದನ್ನು ನಿಮ್ಮ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ. ಆದ್ದರಿಂದ ಊಟ ಮುಗಿಸಿ, ಮಾನಸಳ ರಫ್ ನೋಟ್‌ಬುಕ್ಕಿನಿಂದ ಹಾಳೆ ಕಿತ್ತುಕೊಂಡು ಕೂತಿದ್ದೇನೆ.

ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಹೊಲಿಗೆ ಲೈನಿನಲ್ಲಿ ಕೆಲಸವಿಲ್ಲವೆಂದು ನನಗೆ ಗೊತ್ತು. ಜುಲೈ ಕೊನೆಯ ವಾರದಿಂದಲೂ ಗೊತ್ತು. ಯಾಕೆಂದರೆ ಆ ಕೆಲಸ ಈಗ ನಮ್ಮ ಫ್ಯಾಕ್ಟರಿಯಲ್ಲಿದೆ. ನನ್ನ ಲೈನಿನಲ್ಲೇ ಇದೆ.

ಮೇ ತಿಂಗಳಲ್ಲಿ ನಮ್ಮ ಸರ್ಕಾರ, ಬಾಂಗ್ಲಾದೇಶದ ಸಿದ್ಧ ಉಡುಪು ಇನ್ನು ರಸ್ತೆಯಲ್ಲಿ ಬರುವ ಹಾಗಿಲ್ಲ, ಹಡಗಿನಲ್ಲಿ ಎರಡೇ ಬಂದರಿಗೆ ಬರಬೇಕು ಅಂತ ಹೇಳಿತಲ್ಲ, ಆವತ್ತು ನೀವೇ ಫೋನ್ ಮಾಡಿದ್ದಿರಿ. ಅದಕ್ಕೆ ಮುಂಚೆ ಅವರು ನಮ್ಮ ನೂಲಿನ ಲಾರಿಗಳಿಗೆ ಗಡಿ ಮುಚ್ಚಿದ್ದರು. ಅಕ್ಕಪಕ್ಕದ ಮನೆಯವರು ಮುನಿಸಿಕೊಂಡು ಓಡಾಡುವ ದಾರಿಗೆ ಮುಳ್ಳು ಹಾಕಿಕೊಂಡ ಹಾಗಾಯಿತು. ನಿಮ್ಮ ಎರಡು ಲಾರಿ ಮಾಲು ಗಡಿಯಲ್ಲಿ ನಿಂತಿದೆ ಅಂತ ನಗುತ್ತಲೇ ಹೇಳಿದಿರಿ. 'ಒಂದೆರಡು ವಾರ ಅಷ್ಟೇ, ಸರಿಹೋಗ್ತೈತೆ' ಅಂದಿರಿ. ನಾನು ನಂಬಿದೆ. ನಿಮ್ಮ ಅಮ್ಮ ನಂಬಲಿಲ್ಲ. ಫೋನ್ ಇಟ್ಟ ಮೇಲೆ, 'ಅವ್ನ ದನಿ ಸರಿಗಿಲ್ಲ ಕಣಮ್ಮ, ಉಂಡ್ನೋ ಇಲ್ವೋ' ಅಂದರು. ಅವರಿಗೆ ಎಲ್ಲ ಕಷ್ಟವೂ ಊಟ ಬಿಟ್ಟಿದ್ದರಿಂದಲೇ ಬರುವುದು.

ಜೂನ್ ಹೊತ್ತಿಗೆ ದೊಡ್ಡಬಳ್ಳಾಪುರದ ಗಾಳಿಯೇ ಬದಲಾಯಿತು. ಗಾರ್ಮೆಂಟ್ಸ್ ಇರುವ ರಸ್ತೆಯಲ್ಲಿ ಗೇಟಿಗೊಂದು 'ಟೈಲರುಗಳು ಬೇಕಾಗಿದ್ದಾರೆ' ಬೋರ್ಡು. ನಮ್ಮ ಫ್ಯಾಕ್ಟರಿಯ ವ್ಯಾನು ಗೌರಿಬಿದನೂರಿನ ಕಡೆಗೂ ಹೋಗಿ ಹೆಂಗಸರನ್ನು ತುಂಬಿಕೊಂಡು ಬರತೊಡಗಿತು. ಮಗುವಾಯಿತೆಂದು ಕೆಲಸ ಬಿಟ್ಟವರು, ಕೆಲಸ ಬೇಸರವೆಂದು ಹೂವಿನ ತೋಟಕ್ಕೆ ಹೋಗುತ್ತಿದ್ದವರು ಎಲ್ಲರೂ ವಾಪಸ್ಸು. ಗೇಟಿನ ಎದುರಿನ ಟೀ ಅಂಗಡಿಯವನು ಇನ್ನೆರಡು ಬೆಂಚು ಹಾಕಿದ್ದಾನೆ. ಎಲ್ಲರ ಮುಖದಲ್ಲೂ ಖುಷಿ. ಎಲ್ಲಿಂದ ಬಂತು ಈ ಕೆಲಸವೆಲ್ಲ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಜುಲೈ ಕೊನೆಯಲ್ಲಿ ಒಂದು ದಿನ ಸ್ಯಾಂಪಲ್ ಪೆಟ್ಟಿಗೆ ಬಂತು. ಮಕ್ಕಳ ಬಟ್ಟೆ ಮಾರುವ ಒಂದು ಮುಂಬೈ ಕಂಪನಿಯದು. ಹೆಣ್ಣುಮಕ್ಕಳ ಅಂಗಿ, ತಿಳಿ ಹಳದಿ, ಗುಂಡು ಕಾಲರು. ಇದೇ ಥರ ಹೊಲಿಯಬೇಕು ಅಂತ ಮೊದಲಿನ ಫ್ಯಾಕ್ಟರಿಯಲ್ಲಿ ಒಪ್ಪಿಗೆಯಾಗಿದ್ದ ಅಂಗಿಯನ್ನೇ ಕಳಿಸಿದ್ದರು, ಚೀಟಿ ಸಮೇತ. ಫ್ಯಾಕ್ಟರಿಯ ಹೆಸರಿನ ಮೇಲೆ ಯಾರೋ ಕರಿ ಪೆನ್ನಿನಿಂದ ಗೀಚಿದ್ದರು. ಕೆಳಗೆ ಸಹಿ ಮಾತ್ರ ಹಾಗೇ ಇತ್ತು. ಕನ್ನಡದಲ್ಲಿ 'ಕೆಂ'.

ರೀ, ಕೆಂಪರಾಜ್ ಅಂತ ಪೂರ್ತಿ ಬರೆಯಲು ನಿಮಗೆ ಯಾವತ್ತೂ ಪುರುಸೊತ್ತಿಲ್ಲ. 'ಇಲ್ಲಿ ಯಾರಿಗೂ ಕನ್ನಡ ಓದಕ್ಕೆ ಬರಲ್ಲ, ಅದಕ್ಕೇ ಯಾರೂ ನನ್ ಸಹಿ ಕಾಪಿ ಹೊಡಿಯಕ್ಕಾಗಲ್ಲ' ಅಂತ ಕೊಚ್ಚಿಕೊಂಡಿದ್ದಿರಿ. ನನಗೆ ಓದಲು ಬರುತ್ತದಲ್ಲ. ಆ ಅಂಗಿಯನ್ನು ಹಿಡಿದುಕೊಂಡು ನಿಂತೇ ಇದ್ದೆ. ಪಕ್ಕದವಳು ಏನಾಯ್ತಕ್ಕ ಅಂದಳು. ಕಣ್ಣಿಗೆ ನೂಲಿನ ಧೂಳು ಬಿತ್ತು ಅಂದೆ.

ಆವತ್ತು ಸಂಜೆ ನಿಮಗೆ ಫೋನ್ ಮಾಡಿದೆ, ನೆನಪಿದೆಯಾ? ಇವತ್ತೇನು ಹೊಲಿದಿರಿ ಅಂತ ಕೇಳಿದೆ. 'ಅದೇ ಹಳದಿ ಅಂಗಿ, ಪೀಸ್ ಮೇಲೆ ಪೀಸು' ಅಂದಿರಿ. ಆ ಅಂಗಿ ನನ್ನ ಲೈನಿನಲ್ಲಿ ನೇತಾಡುತ್ತಿತ್ತು. ನನಗೆ ಸಿಟ್ಟು ಬರಲಿಲ್ಲ. ಎಷ್ಟು ಒಂಟಿಯಾಗಿ ಕೂತು ಈ ಮಾತು ಹೇಳುತ್ತಿದ್ದೀರೋ ಅನ್ನಿಸಿತು. ಆದರೂ ಬಾಯಿಬಿಡಲಿಲ್ಲ. ನೀವು ಮುಚ್ಚಿಟ್ಟಿರಿ, ನಾನೂ ಮುಚ್ಚಿಟ್ಟೆ. ಒಳ್ಳೆ ಜೋಡಿ.

ಇನ್ನೂ ಇದೆ. ಆ ಗುಂಡು ಕಾಲರ್ ಇಲ್ಲಿ ಯಾರಿಗೂ ಬರಲಿಲ್ಲ. ಎಲ್ಲರೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಲಿದರು. ಒಂದು ಕಡೆ ಗುಂಡಗೆ, ಇನ್ನೊಂದು ಕಡೆ ಚಪ್ಪಟೆ. ಎರಡು ದಿನ ಪೂರ್ತಿ ಮಾಲು ರಿಜೆಕ್ಟ್. ನಾನು ನಿಮ್ಮ ಸ್ಯಾಂಪಲ್ ತಿರುಗಿಸಿ ನೋಡಿದೆ. ಕತ್ತಿನ ಹಿಂದೆ, ಸರಿಯಾಗಿ ಮಧ್ಯದಲ್ಲಿ, ಹೊಲಿಗೆ ಒಂದರ ಮೇಲೊಂದು ಕೂತಿತ್ತು. ಮಧ್ಯದಿಂದ ಶುರುಮಾಡಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ನಾವಿಬ್ಬರೂ ಮೊದಲಿದ್ದ ಹಳೆಯ ಫ್ಯಾಕ್ಟರಿಯಲ್ಲಿ ನಾನು ಸೇರಿದ ಹೊಸದರಲ್ಲಿ ನೀವು ನನ್ನ ಕೈಯಲ್ಲಿ ಹನ್ನೊಂದು ಕಾಲರ್ ಬಿಚ್ಚಿಸಿದ್ದಿರಲ್ಲ, ಅದೇ ಕೆಲಸ. ಆವತ್ತು ಬಾತ್‌ರೂಮಿಗೆ ಹೋಗಿ ಅತ್ತು, ಈ ಮನುಷ್ಯನ ಮುಖ ಜನ್ಮದಲ್ಲಿ ನೋಡಬಾರದು ಅಂದುಕೊಂಡಿದ್ದೆ. ವರ್ಷ ತುಂಬುವುದರೊಳಗೆ ಮದುವೆಯಾದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹಾಗೆ ಹೊಲಿದು ತೋರಿಸಿದೆ. ಒಂದೇ ಸಲಕ್ಕೆ ಪಾಸಾಯಿತು. ಉಳಿದವರಿಗೆ ಕಲಿಸಿದೆ. ಆಗಸ್ಟ್ ಮೊದಲ ವಾರ ನನ್ನನ್ನು ಲೈನ್ ಇನ್‌ಚಾರ್ಜ್ ಮಾಡಿದರು. ಹೌದು, ನಿಮ್ಮ ಹೆಂಡತಿ ಈಗ ಮೂವತ್ತೆಂಟು ಜನರ ಮೇಲೆ ಕೂಗಾಡುತ್ತಾಳೆ. ಇದನ್ನು ಅಪ್ಪನಿಗೆ ಹೇಳಬೇಡ ಅಂತ ಮಾನಸಳಿಗೆ ಹೇಳಿಟ್ಟಿದ್ದೇನೆ. ಅದಕ್ಕೇ ನೀವು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂರುವುದು. ಹಲ್ಲುನೋವಾ ಅಂತ ನೀವು ಕೇಳಿದಿರಿ. ಪಾಪ, ಒಂಬತ್ತು ವರ್ಷದ ಮಗು, ನಮ್ಮಿಬ್ಬರ ಸುಳ್ಳನ್ನೂ ಹೊತ್ತುಕೊಂಡಿದೆ.

ಆ ಸ್ಯಾಂಪಲ್ಲಿನ ಹೊಲಿಗೆ ಮೊರ್ಜಿನಾಳದ್ದು ಅಲ್ಲವೇ? ನಿಮ್ಮ ಲೈನಿನಲ್ಲಿ ಕೈ ಸ್ವಚ್ಛ ಇರುವುದು ಅವಳೊಬ್ಬಳದೇ ಅನ್ನುತ್ತಿದ್ದಿರಿ. ರಂಜಾನಿನಲ್ಲಿ ವಿಡಿಯೋದಲ್ಲಿ ತೋರಿಸಿದ್ದಿರಿ, ಗೋರಂಟಿ ಹಾಕಿದ ಕೈ ಆಡಿಸಿ ನಕ್ಕಿದ್ದಳು. ಮಾನಸಳಿಗಿಂತ ಒಂದು ವರ್ಷ ದೊಡ್ಡ ಮಗಳಿದ್ದಾಳಂತಲ್ಲ. ನಾನು ದಿನಾ ಆ ಕಾಲರ್ ನೋಡಿ ನೋಡಿ ಅವಳ ಕೈಯ ಗುರುತು ಹಿಡಿಯುವಂತಾಗಿದ್ದೇನೆ. ತಿರುವಿನಲ್ಲಿ ಹೊಲಿಗೆ ಒಂದು ಚೂರು ಸಣ್ಣದು ಮಾಡುತ್ತಾಳೆ. ಅವಳು ಈಗ ಎಲ್ಲಿದ್ದಾಳೆ? ಬೇರೆ ಕಡೆ ಕೆಲಸ ಸಿಕ್ಕಿತಾ? ನನಗೆ ಸಿಕ್ಕಿದ್ದು ಅವಳ ಕೈಯಿಂದ ಹೋದದ್ದು ಅಂತ ಗೊತ್ತಾದ ಮೇಲೆ ಬಡ್ತಿಯ ಸಿಹಿಯನ್ನೆಲ್ಲ ಲೈನಿನವರಿಗೇ ಹಂಚಿಬಿಟ್ಟೆ. ನಿಮ್ಮ ವಿಷಯದಲ್ಲಿ ಬೇಕಾದರೆ ಸುಳ್ಳು ಹೇಳಿ, ಅವಳ ವಿಷಯ ಮಾತ್ರ ನಿಜ ಹೇಳಿ.

ಈಗ ಕಾಗದ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ನೀರು ಕುಡಿದು ಬಂದೆ.

ಮೊನ್ನೆ ಮಂಗಳವಾರ ನಮ್ಮ ಮ್ಯಾನೇಜರ್ ಬೀರೇಶ್ ನನ್ನನ್ನು ಕರೆದರು. ಹೋದ ವರ್ಷ ಹೊರಗಿನಿಂದ ಬಂದವರು, ನಿಮ್ಮನ್ನು ಕಂಡವರಲ್ಲ. ದೀಪಾವಳಿ ಆದ ಮೇಲೆ ಎರಡನೇ ಮಹಡಿ ಶುರುವಾಗುತ್ತದೆ, ಪೂರ್ತಿ ಇದೇ ಕಂಪನಿಯ ಕೆಲಸ, ಆರು ಲೈನು. 'ಅರ್ಪಿತ, ಈ ಸ್ಟೈಲ್ ಗೊತ್ತಿರೋರು, ಫ್ಲೋರ್ ಪೂರ್ತಿ ನೋಡ್ಕೊಳ್ಳೋರು ನಿಮ್ಗೆ ಗೊತ್ತಿರೋರು ಯಾರಾದ್ರೂ ಅವ್ರಾ?' ಅಂತ ಕೇಳಿದರು.

ಇಲ್ಲ ಸಾರ್ ಅಂದೆ.

ಅದು ಬಾಯಿತಪ್ಪಿ ಬಂದ ಮಾತಲ್ಲ. ಯೋಚಿಸಿಯೇ ಅಂದೆ. ನೀವು ಬಂದರೆ ಆರು ಲೈನಿನಲ್ಲಿ ನನ್ನದೂ ಒಂದು. ಕೆಂಪರಾಜ್ ಹೆಂಡತಿ, ಅದಕ್ಕೇ ಇನ್‌ಚಾರ್ಜ್ ಆದಳು ಅಂತ ಜನ ಅನ್ನುತ್ತಾರೆ. ನೀವು ನನ್ನ ಲೈನಿಗೆ ಬಂದು ಕಾಲರ್ ತಿರುಗಿಸಿ ನೋಡುತ್ತೀರಿ, ಮೂವತ್ತೆಂಟು ಜನರ ಎದುರಿಗೆ ಬಿಚ್ಚಿಸುತ್ತೀರಿ. ಹನ್ನೆರಡು ವರ್ಷ ಮೆಷಿನ್ ತುಳಿದು ಸಿಕ್ಕಿದ ಒಂದು ಕುರ್ಚಿ. ಅದು ಪೂರ್ತಿ ನನ್ನದೇ ಆಗಿರಲಿ ಅಂತ ಆಸೆಯಾಯಿತು. ಗಂಡ ಅಲ್ಲಿ ಖಾಲಿ ಲೈನಿನ ಮುಂದೆ ಕೂತಿದ್ದಾನೆ ಅಂತ ಗೊತ್ತಿದ್ದೂ ಹಾಗೆ ಅಂದೆ.

ಮೂರು ವರ್ಷದ ಹಿಂದೆ ಇಲ್ಲಿ ನಿಮಗೆ ಬಡ್ತಿ ಕೊಡದೆ ಇದ್ದಾಗ, ನಿಮ್ಮ ಮುಖ ನೋಡಲಾರದೆ ಅಲ್ಲಿಗೆ ಹೋಗಿ ಅಂದವಳೂ ನಾನೇ. ಹೋದ ವರ್ಷ ಅಲ್ಲಿ ಗಲಾಟೆಯಾಗಿ ನೀವು ಬಂದಿದ್ದಾಗ, ಹೋಗಬೇಡಿ ಅಂತ ಗಟ್ಟಿಯಾಗಿ ಹೇಳದವಳೂ ನಾನೇ. ಈಗ ಬರುವ ದಾರಿ ತಾನಾಗಿ ತೆರೆದುಕೊಂಡರೆ ಅಡ್ಡ ನಿಂತವಳೂ ನಾನೇ ಆದೆ. ಮಂಗಳವಾರದಿಂದ ಅನ್ನ ಸೇರುತ್ತಿಲ್ಲ. ನಿಮ್ಮ ಅಮ್ಮನಿಗೆ ಈಗ ನನ್ನ ಮೇಲೂ ಅನುಮಾನ ಬಂದಿದೆ. ನಿನ್ನೆ ಬಸ್ಸಾರು ಮಾಡಿ, ಮುದ್ದೆ ಬಡಿಸಿ, ಎದುರಿಗೆ ಕೂತು ತಿನ್ನಿಸಿದರು.

ನನ್ನನ್ನು ಎಷ್ಟು ಬೇಕಾದರೂ ಅನ್ನಿ. ಆದರೆ ಖಾಲಿ ಮೆಷಿನ್ನುಗಳ ನಡುವೆ ಕೂತು ನನಗೆ ಹಳದಿ ಅಂಗಿಯ ಕಥೆ ಹೇಳಬೇಡಿ. ಕೆಲಸ ಹೋಗಿದ್ದು ನಿಮ್ಮ ಕೈಯ ತಪ್ಪಲ್ಲ. ಅದನ್ನು ಹೆಂಡತಿಯಿಂದ ಮುಚ್ಚಿಡುವಂಥ ಅವಮಾನ ಏನಿದೆ? ನೀವು ಹೂಂ ಅಂದರೆ ಬೀರೇಶ್ ಅವರ ಹತ್ತಿರ ಹೋಗಿ, ನಾನು ಹೇಳಿದ್ದು ಸುಳ್ಳು ಸಾರ್ ಅನ್ನುತ್ತೇನೆ. ನನ್ನ ಲೈನಿನಲ್ಲಿ ಕಾಲರ್ ಬಿಚ್ಚಿಸುವುದಿದ್ದರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಬೇಕು, ಅದೊಂದೇ ಷರತ್ತು. ನೀವಿಲ್ಲದ ಮನೆ ನನಗೆ ಬೇಡವಾಗಿದೆ ರೀ. ಇದನ್ನು ಫೋನಿನಲ್ಲಿ ಹೇಳಲು ನಾಚಿಕೆ.

ಮಾನಸ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾಳೆ. ಬಾಯಿಯ ಮೇಲಿನ ಕೈ ತೆಗೆಯಲಾ ಅಂತ ಕೇಳುತ್ತಿದ್ದಾಳೆ. ತೆಗಿ ಅಂದಿದ್ದೇನೆ.

ಇಂತಿ,
ಸುಳ್ಳಿನಲ್ಲಿ ನಿಮ್ಮನ್ನು ಮೀರಿಸಿದ, ನಿಮ್ಮವಳೇ ಆದ
ಅರ್ಪಿತ

ತಾ.ಕ. (ಸೋಮವಾರ ಮಧ್ಯಾಹ್ನ, ಊಟದ ಬಿಡುವಿನಲ್ಲಿ): ಅಂಚೆ ಕಚೇರಿಗೆ ಹೊರಟಿದ್ದೆ. ಕಂಪನಿಗಳ ಮೇಲ್ ನೋಡಿಕೊಳ್ಳುವ ಆಶಾರಾಣಿ ಮೆಟ್ಟಿಲ ಹತ್ತಿರ ತಡೆದು, 'ಅಕ್ಕಾ, ಈ ಕೆಂಪರಾಜ್ ಅಂದ್ರೆ ನಿಮ್ ಯಜಮಾನ್ರಾ?' ಅಂತ ಒಂದು ಮೇಲ್ ಪ್ರಿಂಟ್ ಮಾಡಿದ ಹಾಳೆ ಕೊಟ್ಟಳು. ಜುಲೈ ಹತ್ತನೇ ತಾರೀಕು ನೀವು ಮುಂಬೈನವರಿಗೆ ಬರೆದದ್ದು, ಅವರು ಇಲ್ಲಿಗೆ ಕಳಿಸಿದ್ದು. ಕೆಲಸ ಇಲ್ಲಿಂದ ಹೋಗುವುದೇ ಆದರೆ ದೊಡ್ಡಬಳ್ಳಾಪುರಕ್ಕೆ ಕೊಡಿ ಅಂತ ನಮ್ಮ ಫ್ಯಾಕ್ಟರಿಯ ಹೆಸರು ಬರೆದಿದ್ದೀರಿ. ಕೊನೆಯಲ್ಲಿ, ಈ ಕಾಲರ್ ಅಲ್ಲಿ ಒಬ್ಬರಿಗೇ ಗೊತ್ತು, ಅವರಿಗೆ ಲೈನ್ ಕೊಟ್ಟು ನೋಡಿ, ಹೆಸರು ಅರ್ಪಿತ ಅಂತ ಬರೆದಿದ್ದೀರಿ. ಹೆಂಡತಿ ಅಂತ ಬರೆದಿಲ್ಲ. ಅಷ್ಟು ಕೆಳಗಿನವರೆಗೆ ಇವತ್ತಿನ ತನಕ ಇಲ್ಲಿ ಯಾರೂ ಓದಿರಲಿಲ್ಲವಂತೆ.

ನಿಮ್ಮ ಒಪ್ಪಿಗೆಗೆ ಕಾಯಲಿಲ್ಲ. ಮೇಲೆ ಹೋಗಿ ಬೀರೇಶ್ ಅವರಿಗೆ ನಿಮ್ಮ ಹೆಸರು ಹೇಳಿ ಬಂದೆ. ಗಂಡ ಅಂತಲೂ ಹೇಳಿದೆ. 'ದೀಪಾವಳಿ ತನಕ ಕಾಯ್ತೀನಿ, ಮಾತಾಡಕ್ಕೆ ಹೇಳಿ' ಅಂದಿದ್ದಾರೆ. ನಾನು ಇಲ್ಲ ಸಾರ್ ಅಂದದ್ದನ್ನು ಬರೆದ ಪುಟವನ್ನು ಹರಿದು ಹಾಕೋಣ ಅಂತ ಲಕೋಟೆ ಬಿಚ್ಚಿದೆ. ನೀವು ಹಾಗೆ ಬರೆದಿರುವಾಗ ಇದನ್ನು ನಿಮಗೆ ಹೇಗೆ ಓದಿಸಲಿ? ಆದರೆ ಹರಿಯಲಿಲ್ಲ, ಹಾಗೇ ಇಟ್ಟಿದ್ದೇನೆ. ಓದಿ. ಬೈಯುವುದಾದರೆ ಬಂದು ಬೈಯಿರಿ.