ಗಂಡಸರು ಸಿಗದ ಸಮೀಕ್ಷೆ

ಚಿಫುಬು, ಎನ್‌ಡೋಲಾ
೧೪ ಆಗಸ್ಟ್ ೨೦೦೩

ಪ್ರೀತಿಯ ಚೊಂಬಾ,

ನಿನ್ನ ಎರಡೂ ಕಾಗದ ತಲುಪಿ ತಿಂಗಳ ಮೇಲಾಯಿತು. ಕಳಿಸಿದ ಒಣಮೀನೂ ಬಂತು, ತಿಂದು ಮುಗಿಸಿದೆವು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಕಾಲಿನ ಬಾವು ಇಳಿಯಿತೇ? ಆರನೇ ತಿಂಗಳಲ್ಲಿ ನೀರು ಹೊರಬೇಡ ಎಂದು ಹೇಳುವವರು ಕಿಟ್ವೆಯಲ್ಲಿ ಯಾರೂ ಇಲ್ಲವೇ?

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆರಿಗೆಗೆ ಮುಂಚೆ ನೀನು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿದ್ದರೆ, ನೋವು ಶುರುವಾದಾಗ ತಾಯಿಗೊಂದು ಮಾತ್ರೆ, ಹುಟ್ಟಿದ ಮೇಲೆ ಮಗುವಿಗೊಂದಿಷ್ಟು ಔಷಧಿ ಕೊಡುತ್ತಾರೆ. ಎಲ್ಲ ಮಕ್ಕಳೂ ಅಲ್ಲ, ಆದರೆ ಬಹಳ ಮಕ್ಕಳು ಪಾರಾಗುತ್ತವೆ.

ನಮ್ಮ ಸಮೀಕ್ಷೆ ಮುಗಿಯಿತು. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನವರ ರಕ್ತ ತೆಗೆಯುವ ಕೆಲಸ. ಹೆಸರಿಲ್ಲ, ನಂಬರಿನ ಚೀಟಿ ಮಾತ್ರ. ಫಲಿತಾಂಶ ಬೇಕಾದವರು ಅದನ್ನು ಹಿಡಿದು ಆಸ್ಪತ್ರೆಗೆ ಹೋಗಬೇಕು. ಒಂದು ಮನೆಗೆ ಮೂರು ಸಲ ಹೋಗುತ್ತೇವೆ. ಆಗಲೂ ಆಳು ಕಾಣದಿದ್ದರೆ 'ಸಿಗಲಿಲ್ಲ' ಎಂದು ಬರೆದು ಮುಂದಿನ ಮನೆ. ಹೆಂಗಸರು ಸಿಕ್ಕರು. ಈ ಊರಿನಲ್ಲಿ ಗಂಡಸರೇ ಇಲ್ಲ, ಚೊಂಬಾ! ಮಾರುಕಟ್ಟೆಯ ಹಿಂದಿನ ಮನೆಯೊಂದರಲ್ಲಿ ಹೆಂಡತಿ, "ಅವ್ರು ಲುಸಾಕಾಕ್ಕೆ ಹೋಗಿದಾರೆ" ಎಂದಳು. ಒಳಗಿನಿಂದ ಗಂಡನ ದನಿ ಬಂತು: "ನಾಳಿದ್ದು ಬರ್ತಾರೆ ಅಂತ ಹೇಳೇ!"

ಜೊತೆಗಿದ್ದ ನರ್ಸ್ ಬ್ವಾಲ್ಯಾ ಬಿಡಲಿಲ್ಲ. "ಲುಸಾಕಾದಲ್ಲಿ ಚಳಿ ಜೋರಾ, ಅಪ್ಪಾ? ಅಲ್ಲಿಂದ್ಲೇ ಕೈ ಚಾಚು, ನನ್ ಸೂಜಿ ಉದ್ದ ಇದೆ" ಎಂದಳು. ಎಲ್ಲರೂ ನಕ್ಕೆವು. ಅವನು ಹೊರಗೆ ಬರಲಿಲ್ಲ.

ಮೊನ್ನೆ ಪಟ್ಟಿ ಸಿದ್ಧವಾಯಿತು. ಹದಿನೈದರಿಂದ ಹತ್ತೊಂಬತ್ತರ ಹುಡುಗರಲ್ಲಿ ನೂರಕ್ಕೆ ನಾಲ್ವರಿಗೆ ಸೋಂಕು. ಅದೇ ವಯಸ್ಸಿನ ಹುಡುಗಿಯರಲ್ಲಿ ಇಪ್ಪತ್ತು ಮಂದಿಗೆ. ಮೂವತ್ತೈದು ದಾಟಿದ ಗಂಡಸರಲ್ಲಿ, ಸಿಕ್ಕವರಲ್ಲೇ, ಮೂವತ್ತೊಂದು.

ಕಚೇರಿಯ ಗುಮಾಸ್ತ ಇಣುಕಿ ನೋಡಿ, "ಈಗಿನ ಹುಡುಗೀರು ಬಲು ಚುರುಕು ಬಿಡಿ, ಅಮ್ಮಾ" ಎಂದ.

"ಅವರ ವಾರಿಗೆ ಹುಡುಗ್ರಲ್ಲಿ ನಾಲ್ಕೇ ಜನಕ್ಕಿದೆ. ಮತ್ತೆ ಈ ಇಪ್ಪತ್ತು ಹುಡುಗೀರಿಗೆ ಅಂಟಿಸಿದ್ದು ಯಾರಪ್ಪಾ? ನಿನ್ ವಯಸ್ಸೆಷ್ಟು?" ಎಂದೆ.

ನಲವತ್ತೊಂದಂತೆ. ಎದ್ದು ಚಹಾ ತರಲು ಹೋದ.

ಆ ವಯಸ್ಸಿನ ಗಂಡಸರೇನು ಎಲ್ಲಿಂದಲೋ ಬಂದವರಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿನವರು. ನಾವೇ ಊಟಕ್ಕೆ ಕರೆದು, ಕೈಗೆ ನೀರು ಹಾಕಿ, ಮುಂದೆ ನ್ಶಿಮಾ ಮುದ್ದೆ ಇಟ್ಟವರು.

ಪರೀಕ್ಷೆಗೆ ಲುಚೆಂಬೆಯ ಅಪ್ಪಣೆ ಕೇಳಬೇಡ. "ಗಂಡನ ಮೇಲೆ ನಂಬಿಕೆ ಇಲ್ವಾ?" ಎನ್ನುತ್ತಾನೆ, ಅವರೆಲ್ಲ ಅದನ್ನೇ ಎನ್ನುವುದು. ಗುರುವಾರ ಬಸುರಿಯರ ತಪಾಸಣೆಗೆ ಹೋಗುತ್ತೀಯಲ್ಲ, ಅಲ್ಲೇ ಮಾಡಿಸು.

ದೇವರು ನಿನ್ನನ್ನೂ ಹೊಟ್ಟೆಯಲ್ಲಿರುವ ಜೀವವನ್ನೂ ಕಾಯಲಿ. ಹೆರಿಗೆ ಹಗುರವಾಗಲಿ.

ನಿನ್ನ
ಕಸೊಂಡೆ

ಮೇಲೆ ಬರೆಯಲು ಕೈ ಬರದೆ ಉಳಿದದ್ದು:

ನನ್ನ ಮಗಳು ಮ್ವಿಲಾಗೆ ಸೋಂಕಿದೆ. ಅವಳಿಗಿನ್ನೂ ಹತ್ತೊಂಬತ್ತು. ತಾನೇ ಚೀಟಿ ಹಿಡಿದು ಹೋಗಿ ತಿಳಿದು ಬಂದಳು. ನಿನಗೆ ಬರೆಯೆಂದವಳೂ ಅವಳೇ. ಯಾರು ಎಂದು ಮೂರು ದಿನ ಕೇಳಿದೆ. ಆಮೇಲೆ ಲುಚೆಂಬೆ ಎಂದಳು.

ಅವನದು ಮೊಸಳೆ ಕುಲ, ನಮ್ಮದು ಮೀನಿನ ಕುಲ. ಒಬ್ಬರನ್ನೊಬ್ಬರು ಎಷ್ಟು ಗೇಲಿ ಮಾಡಿದರೂ ಸಿಟ್ಟಾಗಬಾರದೆಂದು ನಮಗೆ ಹಿರಿಯರು ಕಲಿಸಿದ್ದಾರೆ. ನೀವು ಇಲ್ಲಿದ್ದಾಗ ನಮ್ಮ ಅಂಗಳಕ್ಕೆ ಬಂದು, ನಿನ್ನೆದುರೇ, "ನನ್ ಕಿರಿ ಹೆಂಡ್ತಿ ಎಲ್ಲಿ? ಟೈಪಿಂಗ್ ಕ್ಲಾಸಿಗೆ ಬಿಟ್ಟು ಬರ್ತೀನಿ" ಎಂದು ಅವಳನ್ನು ವ್ಯಾನು ಹತ್ತಿಸಿಕೊಳ್ಳುತ್ತಿದ್ದ. "ನಿನ್ ಹೆಂಡ್ತಿ ತಲೆ ಬಾಚ್ಕೋತಿದಾಳೆ, ಕಾಯೋ ಮೊಸಳೆ" ಎನ್ನುತ್ತಿದ್ದವಳು ನಾನು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮ್ವಿಲಾ ನಗುತ್ತಿದ್ದಳೇ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ನಾನು ಅವಳ ಮುಖ ನೋಡಿಯೇ ಇರಲಿಲ್ಲ.

ಈ ಕಾಗದ ಹರಿದು ಹಾಕು. ಬೇಕಾದರೆ ನನ್ನ ಜೊತೆ ಮಾತು ಬಿಡು. ಗುರುವಾರ ಮಾತ್ರ ತಪ್ಪಿಸಬೇಡ.