ದುಂಡವ್ವನ ಬಲಗಡೆ

ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು, ಹದಿಮೂರನೇ ತಿಂಗಳು, ಬಾಗಲಕೋಟೆ. ನಗಬೇಡಿ. ನಿಮ್ಮ ಕಾಲದಲ್ಲಿ ಅಧಿಕ ಮಾಸ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತಂತೆ. ನಮ್ಮಲ್ಲಿ ಬೇಸಿಗೆ ಮುಗಿಯುವುದೇ ಇಲ್ಲ, ಹಾಗಾಗಿ ಅದಕ್ಕೆಂದೇ ಪ್ರತಿ ವರ್ಷ ಒಂದು ತಿಂಗಳು ಸೇರಿಸಿಕೊಂಡಿದ್ದೇವೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಬರೆಯುವ ರೂಢಿ ತಪ್ಪಿದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ನಾನು ಮಲ್ಲಿನಾಥ, ವಯಸ್ಸು ಐವತ್ತು. ನೀವು ಫಿಸಿಯೋಥೆರಪಿ ಅನ್ನುತ್ತಿದ್ದಿರಲ್ಲ, ಅದೇ ಕೆಲಸ. ಈ ಮಾತೂ ನಿಮ್ಮ ಕಾಲದ ಆ ಕೆಲಸದವರಿಗೇ.

ಇಲ್ಲಿ ರೋಗಿಗೆ ಮೊದಲು ಅಳತೆ ಅಂಗಿ ತೊಡಿಸುತ್ತೇವೆ. ಮೈಗೆ ಅಂಟಿಕೊಳ್ಳುವ ತೆಳು ಬಟ್ಟೆ. ಯಾವ ಸ್ನಾಯು ಎಷ್ಟು ಸೋತಿದೆ ಎಂದು ಅದೇ ಅಳೆಯುತ್ತದೆ, ವ್ಯಾಯಾಮವನ್ನೂ ಅದೇ ಆರಿಸುತ್ತದೆ, ಕೈಕಾಲನ್ನೂ ಅದೇ ಎತ್ತಿ ಇಳಿಸುತ್ತದೆ. ನಾನು ಪಕ್ಕದಲ್ಲಿ ನಿಂತು ಒಪ್ಪಿಗೆಯ ಗುಂಡಿ ಒತ್ತಬೇಕು. ಅಂಗಿಯನ್ನು ಬೈಯುವುದಿಲ್ಲ, ಅದರಿಂದ ಎಷ್ಟೋ ಜನ ಎದ್ದು ನಡೆದಿದ್ದಾರೆ. ಆದರೆ ಅದರ ಅಳತೆಯಲ್ಲಿ ಸುಧಾರಣೆ ಕಾಣದಿದ್ದರೆ ಚಿಕಿತ್ಸೆ ನಿಲ್ಲುತ್ತದೆ, ರೋಗಿ ಮಲಗುಮನೆಗೆ ಹೋಗುತ್ತಾರೆ. ಅಲ್ಲಿ ಊಟವಿದೆ, ತಂಪು ಗಾಳಿಯಿದೆ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವ ಹಾಸಿಗೆಯಿದೆ. ಎಬ್ಬಿಸಿ ಕೂರಿಸುವವರು ಮಾತ್ರ ಇಲ್ಲ.

ದುಂಡವ್ವ ಮಿರ್ಚಿ ಭಜಿ ಮಾರುತ್ತಿದ್ದ ಹೆಂಗಸು. ಲಕ್ವಾ ಹೊಡೆದು ಎಡಭಾಗ ಸೋತಿತ್ತು. ಕೂರಿಸಿದರೆ ಎಡಕ್ಕೆ ವಾಲುತ್ತಿದ್ದಳು. ಎಡಗಡೆ ಶಕ್ತಿಯಿಲ್ಲ, ಅದಕ್ಕೇ ವಾಲುತ್ತಾಳೆ ಎಂದು ಅಂಗಿ ತೀರ್ಮಾನಿಸಿ ಆಕೆಯನ್ನು ಬಲಕ್ಕೆ ಎಳೆಯಿತು. ಎಳೆದಷ್ಟೂ ಆಕೆ ಗಟ್ಟಿಯಿದ್ದ ಬಲಗೈ ಊರಿ ಮೈಯನ್ನು ಎಡಕ್ಕೇ ದಬ್ಬಿದಳು. ನನಗೆ ಅಲ್ಲೇ ಅನುಮಾನ. ಶಕ್ತಿಯಿಲ್ಲದವಳು ಕುಸಿಯಬೇಕು, ದಬ್ಬುವುದೇಕೆ?

"ಯವ್ವಾ, ನೆಟ್ಟಗ ಕುಂಡ್ರು" ಎಂದೆ.

"ನಾ ನೆಟ್ಟಗ ಅದೀನಿ. ನೀವ ವಾಲೀರಿ, ಡಾಕ್ಟ್ರ. ಮುಂಜಾನೆ ಮುಂಜಾನೆ ಏನ್ ಕುಡದ್ ಬಂದೀರಿ?"

ಮಗಳು ಶಿವಲೀಲಾ ನಕ್ಕುಬಿಟ್ಟಳು. ನಾನು ನಗಲಿಲ್ಲ, ನನಗೆ ಉತ್ತರ ಸಿಕ್ಕಿತ್ತು. ಸೋತದ್ದು ಶಕ್ತಿ ಮಾತ್ರವಲ್ಲ, ನೆಟ್ಟಗೆ ಎಂದರೆ ಯಾವುದೆಂಬ ಮೈಯ ಅರಿವೇ ಓರೆಯಾಗಿತ್ತು. ನಾವು ನೇರ ಮಾಡಿದಾಗಲೆಲ್ಲ ಆಕೆಗೆ ಬಲಕ್ಕೆ ಉರುಳಿ ಬಿದ್ದಂತೆ ಭಯ. ಎಳೆಯುವ ಚಿಕಿತ್ಸೆಯೇ ಆಕೆಯನ್ನು ಕೆಡಿಸುತ್ತಿತ್ತು.

ಅಂಗಿ ಬಿಚ್ಚಿಸಿ, ಬಾಗಿಲಿನ ಎದುರು ಕೂರಿಸಿದೆ. ಚೌಕಟ್ಟು ನೆಟ್ಟಗಿದೆಯೇ ಎಂದು ಕೇಳಿದರೆ ಹೌದು ಎಂದಳು. ಅಂದರೆ ಮೈ ತಪ್ಪು ಹೇಳುತ್ತಿದ್ದರೂ ಕಣ್ಣು ಸರಿಯಾಗಿಯೇ ಹೇಳುತ್ತಿತ್ತು. ಚೌಕಟ್ಟು ನೋಡುತ್ತಾ ಇರು ಎಂದು ಹೇಳಿ ಆಕೆಯ ಬಲಗಡೆ ಕೂತೆ. ಎಳೆಯಲಿಲ್ಲ. ನಿನ್ನ ಭುಜ ತಂದು ನನ್ನ ಭುಜಕ್ಕೆ ತಾಗಿಸು ಎಂದೆ.

"ಮಂದಿ ನೋಡಿದ್ರ ಏನಂದಾರು!" ಎಂದು ಬೈಯುತ್ತಲೇ ನನ್ನತ್ತ ವಾಲಿ ಭುಜ ತಾಗಿಸಿದಳು. ಬಲಗೈ ತಾನಾಗಿ ಮಡಿಲಿಗೆ ಇಳಿಯಿತು. ಯಾರೂ ಹಿಡಿಯದೆ ದುಂಡವ್ವ ಕೂತಿದ್ದಳು.

ಆದರೆ ಅಂಗಿಯಿಲ್ಲದೆ ಕೂತದ್ದು ಲೆಕ್ಕಕ್ಕಿಲ್ಲ. ಮತ್ತೆ ತೊಡಿಸಿದರೆ ಅದು ಎಳೆಯಿತು, ಆಕೆ ದಬ್ಬಿದಳು. ಮೇಲಿನವರಿಗೆ ಕಾರಣ ವಿವರಿಸಿದೆ. ಅವರು ಸಿಟ್ಟಾಗಲೂ ಇಲ್ಲ. ಕಾರಣ ಎಂಬುದೊಂದು ಇರುತ್ತದೆ ಎಂಬುದೇ ಅವರಿಗೆ ಮರೆತುಹೋಗಿದೆ. ಶಿವಲೀಲಾ ನನ್ನನ್ನು ಕೇಳಿದಳು, "ಕುಂತಿದ್ದಳಲ್ರೀ ನಮ್ಮವ್ವ, ನೀವೂ ನೋಡೀರಲ್ರೀ?" ಅದೇ ವಾರ ದುಂಡವ್ವನನ್ನು ಮಲಗುಮನೆಗೆ ಒಯ್ದರು.

ಅಂಗಿ ಕಲಿತದ್ದು ನಿಮ್ಮಿಂದ. ಏನು ಮಾಡಿದಿರಿ ಎಂಬುದನ್ನು ಅಚ್ಚುಕಟ್ಟಾಗಿ ಬರೆದಿಟ್ಟು ಹೋದಿರಿ. ಏಕೆ ಮಾಡಿದಿರಿ, ಮೊದಲು ಏನು ಅಂದುಕೊಂಡಿದ್ದಿರಿ, ಏನನ್ನು ಕಂಡು ಮನಸ್ಸು ಬದಲಿಸಿದಿರಿ ಎಂಬುದು ನಿಮ್ಮ ಜೊತೆಗೇ ಹೋಯಿತು. ನಾಳೆ ರೋಗಿಯ ಮೈಮೇಲೆ ಕೈ ಇಡುವಾಗ, ಅಲ್ಲೇ ಏಕೆ ಇಟ್ಟಿರಿ ಎಂದು ಪಕ್ಕದವರಿಗೆ ಬಾಯಿಬಿಟ್ಟು ಹೇಳಿ. ಇದಿಷ್ಟೇ ನನ್ನ ಬೇಡಿಕೆ. ನೀವು ಕೇಳಿಸಿಕೊಳ್ಳಲಿಲ್ಲ ಎಂದು ನನಗೆ ಗೊತ್ತು. ಕೇಳಿಸಿಕೊಂಡಿದ್ದರೆ ಇಲ್ಲಿ ನಾನು ಇದನ್ನು ಹೇಳಬೇಕಾಗಿಯೇ ಬರುತ್ತಿರಲಿಲ್ಲ.

ಹೊರಡುತ್ತೇನೆ, ಇವತ್ತು ಆಕೆಯನ್ನು ನೋಡಲು ಬಿಡುವ ದಿನ. ಬಲಗಡೆಯೇ ಕೂರುತ್ತೇನೆ. ಮಲಗಿದಲ್ಲಿಂದಲೇ ಆಕೆ ಭುಜವನ್ನು ನನ್ನತ್ತ ತರುತ್ತಾಳೆ. ಅದು ತಾಗುವ ಹೊತ್ತಿಗೆ ಹಾಸಿಗೆ ಆಕೆಯನ್ನು ಆಚೆ ಮಗ್ಗುಲಿಗೆ ಹೊರಳಿಸುತ್ತದೆ.